ಹಾಲುಹಲ್ಲು ಹೇಗೂ ಬೀಳುತ್ತದೆ, ಅದಕ್ಕೆ ಮನೆಮಂದಿಯೆಲ್ಲ ದಂತವೈದ್ಯರ ಬಳಿ ಹೋಗಬೇಕೇ?

ನಿಮ್ಮ ಪ್ರಶ್ನೆಯ ಸಾರ ಇಷ್ಟು: ಐದೂವರೆ ವರ್ಷದ ಮಗನ ದವಡೆಹಲ್ಲು ಹುಳುಕಾಗಿದೆ. ಅತ್ತೆಯವರು "ಹಾಲುಹಲ್ಲು ತಾನೇ, ಬಿದ್ದುಹೋಗುತ್ತದೆ ಬಿಡು" ಎನ್ನುತ್ತಾರೆ. ವೈದ್ಯರು ಮಾತ್ರ ಮಗನ ಜೊತೆಗೆ ಎಂಟು ತಿಂಗಳ ಮಗಳು, ಸಕ್ಕರೆ ಕಾಯಿಲೆಯ ಮಾವ, ಎಲೆಅಡಿಕೆ ಹಾಕುವ ಅತ್ತೆ ಎಲ್ಲರನ್ನೂ ಒಮ್ಮೆ ಕರೆತನ್ನಿ ಎಂದಿದ್ದಾರೆ. ಇದು ದುಡ್ಡು ಕೀಳುವ ಉಪಾಯವೇ ಎಂದು ಕೇಳಿದ್ದೀರಿ. ನಾನು ತುಮಕೂರು ಜಿಲ್ಲೆಯ ತಾಲ್ಲೂಕು ಕೇಂದ್ರವೊಂದರಲ್ಲಿ ದಂತವೈದ್ಯೆ. ನಿಮ್ಮ ಅನುಮಾನ ನನಗೆ ಹೊಸದಲ್ಲ, ಆದರೆ ಆ ವೈದ್ಯರು ಹೇಳಿದ್ದು ಸರಿ. ಮಗುವಿನ ಹುಳುಕು ಮಗುವೊಂದರದೇ ಆಗಿರುವುದು ಅಪರೂಪ. ಮನೆಯ ಬಿಸ್ಕತ್ತಿನ ಡಬ್ಬಿ, ರಾತ್ರಿಯ ಹಾಲಿನ ಬಾಟಲಿ, ಹಿರಿಯರ ನಂಬಿಕೆ ಎಲ್ಲಕ್ಕೂ ಅದರಲ್ಲಿ ಪಾಲಿರುತ್ತದೆ.

ಮೊದಲು ಅತ್ತೆಯವರ ಮಾತು. ಹಾಲುಹಲ್ಲು ಬೀಳುತ್ತದೆ, ನಿಜ. ಯಾವಾಗ ಎಂದು ಯಾರೂ ಕೇಳುವುದಿಲ್ಲ. ಮುಂದಿನ ಬಾಚಿಹಲ್ಲು ಆರೇಳು ವರ್ಷಕ್ಕೆ ಬೀಳುವುದನ್ನು ನೋಡಿ ಎಲ್ಲವೂ ಹಾಗೆಯೇ ಎಂದುಕೊಳ್ಳುತ್ತೇವೆ. ಹಿಂದಿನ ಹಾಲು ದವಡೆಹಲ್ಲುಗಳು ಹತ್ತರಿಂದ ಹನ್ನೆರಡು ವರ್ಷದವರೆಗೆ ಬಾಯಲ್ಲಿರಬೇಕಾದವು. ನಿಮ್ಮ ಮಗ ಇನ್ನೂ ಐದಾರು ವರ್ಷ ರೊಟ್ಟಿ, ಚಕ್ಕುಲಿ ಎಲ್ಲವನ್ನೂ ಅದರಲ್ಲೇ ಅಗಿಯಬೇಕು. ಅದನ್ನು ಈಗಲೇ ಕೀಳಿಸಿದರೆ ಹಿಂದಿನ ಹಲ್ಲು ಮುಂದಕ್ಕೆ ವಾಲಿ ಆ ಜಾಗವನ್ನು ಆಕ್ರಮಿಸುತ್ತದೆ, ಆಮೇಲೆ ಹುಟ್ಟುವ ಹಲ್ಲು ಜಾಗ ಸಾಲದೆ ಸೊಟ್ಟಗೆ ಬರುತ್ತದೆ. ಹದಿಮೂರು ಹದಿನಾಲ್ಕನೇ ವಯಸ್ಸಿನಲ್ಲಿ ತಂತಿ ಹಾಕಿಸಲು ಬರುವ ಎಷ್ಟೋ ಮಕ್ಕಳ ಕಥೆ ಹೀಗೆಯೇ ಶುರುವಾಗಿರುತ್ತದೆ. ಹುಳುಕನ್ನು ಹಾಗೆಯೇ ಬಿಟ್ಟರೆ ಬೇರಿನ ತುದಿಯಲ್ಲಿ ಕೀವು ಕಟ್ಟಿ, ಕೆಳಗೆ ರೂಪುಗೊಳ್ಳುತ್ತಿರುವ ಶಾಶ್ವತ ಹಲ್ಲಿನ ಮೊಳಕೆಗೂ ಪೆಟ್ಟು ಬೀಳಬಹುದು.

ಇನ್ನೊಂದು ವಿಷಯ ಬಹಳ ತಾಯಂದಿರಿಗೆ ಗೊತ್ತಿರುವುದಿಲ್ಲ. ಆರನೇ ವಯಸ್ಸಿನ ಆಸುಪಾಸಿನಲ್ಲಿ, ಯಾವ ಹಲ್ಲೂ ಬೀಳದೆ, ಹಾಲುಹಲ್ಲುಗಳ ಸಾಲಿನ ಹಿಂದೆ ಸದ್ದಿಲ್ಲದೆ ಒಂದು ದೊಡ್ಡ ದವಡೆಹಲ್ಲು ಬರುತ್ತದೆ. ಹಲ್ಲು ಬೀಳದೆ ಬಂದದ್ದರಿಂದ ಅದನ್ನೂ ಹಾಲುಹಲ್ಲೆಂದೇ ಭಾವಿಸುತ್ತಾರೆ. ಅದು ಜೀವನಪರ್ಯಂತ ಉಳಿಯಬೇಕಾದ ಹಲ್ಲು. ಮಗನನ್ನು ಬೆಳಕಿಗೆ ಕೂರಿಸಿ, ಬಾಯಿ ತೆರೆಸಿ, ಕೆಳದವಡೆಯ ಒಂದು ಪಕ್ಕದಲ್ಲಿ ನಟ್ಟನಡುವಿನಿಂದ ಹಿಂದಕ್ಕೆ ಎಣಿಸಿ. ಐದರವರೆಗೆ ಹಾಲುಹಲ್ಲು. ಆರನೆಯದು ಕಂಡರೆ, ಒಸಡಿನಿಂದ ಅರ್ಧ ಮಾತ್ರ ಇಣುಕಿದ್ದರೂ, ಅದು ಶಾಶ್ವತ ಹಲ್ಲು. ಅದರ ಮೇಲ್ಮೈಯ ಗೀರುಗಳು ಎಷ್ಟು ಆಳವೆಂದರೆ ಬ್ರಷ್ಷಿನ ಎಳೆ ತಳ ಮುಟ್ಟುವುದಿಲ್ಲ. ಪಕ್ಕದ ಹಾಲುಹಲ್ಲು ಹುಳುಕಾಗಿದ್ದರೆ ಇದಕ್ಕೂ ಹುಳುಕು ಹಿಡಿಯುವ ಸಂಭವ ಹೆಚ್ಚು. ಆ ಗೀರುಗಳನ್ನು ಮುಚ್ಚುವ ಸೀಲಂಟ್ ಎಂಬ ಲೇಪವಿದೆ. ಕೊರೆಯುವುದಿಲ್ಲ, ಸೂಜಿಯಿಲ್ಲ, ನಿಮಿಷಗಳ ಕೆಲಸ. ನಿಮ್ಮ ವೈದ್ಯರನ್ನು ನೀವಾಗಿಯೇ ಕೇಳಿ.

ಇನ್ನು ಮಗಳು. ಹುಟ್ಟುವಾಗ ಮಗುವಿನ ಬಾಯಲ್ಲಿ ಹುಳುಕು ತರುವ ಬ್ಯಾಕ್ಟೀರಿಯಾ ಇರುವುದಿಲ್ಲ. ಹಲ್ಲು ಮೂಡುತ್ತಿದ್ದಂತೆ ಎತ್ತಿ ಆಡಿಸುವವರ ಎಂಜಲಿನಿಂದ, ಹೆಚ್ಚಾಗಿ ತಾಯಿಯಿಂದಲೇ, ಬಂದು ನೆಲೆಸುತ್ತದೆ. ಚಮಚ ಬಾಯಲ್ಲಿಟ್ಟು ಬಿಸಿ ನೋಡಿ ಅದನ್ನೇ ಮಗುವಿಗೆ ಕೊಡುವುದು, ಅಗಿದ ತುತ್ತು ತಿನ್ನಿಸುವುದು ಇದಕ್ಕೆ ದಾರಿ. ಹಾಗೆಂದು ಮೊಮ್ಮಗಳನ್ನು ಮುದ್ದಿಸಬೇಡಿ ಎಂದು ಅಜ್ಜಿಗೆ ಹೇಳುವಷ್ಟು ಕಟುಕಿ ನಾನಲ್ಲ. ಅದು ನಡೆಯುವ ಮಾತೂ ಅಲ್ಲ. ನಿಮ್ಮ ಬಾಯಲ್ಲಿ ತೆರೆದ ಹುಳುಕುಗಳಿದ್ದರೆ ಸಿಮೆಂಟ್ ತುಂಬಿಸಿಕೊಳ್ಳಿ, ಮಗುವಿಗೆ ದಾಟುವ ಹೊರೆ ಕಡಿಮೆಯಾಗುತ್ತದೆ. ಜೊತೆಗೆ ತಿಂಗಳಿಗೊಮ್ಮೆ ಮಗಳ ಮೇಲ್ದುಟಿ ಎತ್ತಿ ನೋಡಿ. ಮುಂಭಾಗದ ಹಲ್ಲಿನಲ್ಲಿ ಒಸಡಿಗೆ ತಾಗಿದಂತೆ ಸೀಮೆಸುಣ್ಣದ ಬಣ್ಣದ ಮಂಕಾದ ಗೆರೆ ಕಂಡರೆ ಹುಳುಕು ಶುರುವಾಗಿದೆ ಎಂದರ್ಥ. ಈ ಹಂತದಲ್ಲಿ ಫ್ಲೋರೈಡ್ ಲೇಪದಿಂದ ಅದನ್ನು ತಡೆಯಬಹುದು. ಗೆರೆ ಕಂದು ಬಣ್ಣಕ್ಕೆ ತಿರುಗಿ ಹಲ್ಲು ಕುಳಿಬಿದ್ದ ಮೇಲೆ ಮಾತು ಬೇರೆ. ಸಕ್ಕರೆ ಹಾಕಿದ ಹಾಲಿನ ಬಾಟಲಿಯನ್ನು ಬಾಯಲ್ಲಿಟ್ಟುಕೊಂಡೇ ನಿದ್ದೆ ಹೋಗುವ ಮಕ್ಕಳಲ್ಲಿ ಮೇಲಿನ ಮುಂಭಾಗದ ಹಲ್ಲುಗಳು ಕರಗಿಹೋಗಿರುತ್ತವೆ, ಕೆಳಗಿನವು ನಾಲಿಗೆ ಮತ್ತು ಜೊಲ್ಲಿನ ಆಸರೆಯಲ್ಲಿ ಚೆನ್ನಾಗಿರುತ್ತವೆ. ಈ ನಮೂನೆ ಕಂಡರೆ ನಾವು ಹೆಚ್ಚು ಪ್ರಶ್ನೆ ಕೇಳುವ ಅಗತ್ಯವೇ ಬೀಳುವುದಿಲ್ಲ.

ಸಿಹಿಯ ಬಗ್ಗೆ ಎರಡು ಮಾತು. ಎಷ್ಟು ತಿಂದರು ಎನ್ನುವುದಕ್ಕಿಂತ ಎಷ್ಟು ಸಲ ತಿಂದರು ಎನ್ನುವುದು ಹಲ್ಲಿಗೆ ಮುಖ್ಯ. ಸಿಹಿ ಬಾಯಿಗೆ ಬಿದ್ದ ಕೆಲವೇ ನಿಮಿಷಗಳಲ್ಲಿ ಹಲ್ಲಿನ ಮೇಲಿನ ಪಾಚಿ ಆಮ್ಲ ಹುಟ್ಟಿಸುತ್ತದೆ. ಆಮ್ಲ ಹೆಚ್ಚಿದಷ್ಟೂ ಇಳಿಯುವ ಅಳತೆಯಾದ ಪಿಎಚ್ ಸುಮಾರು 5.5ಕ್ಕಿಂತ ಕೆಳಗಿಳಿದರೆ ಹಲ್ಲಿನ ಗಟ್ಟಿ ಹೊರಪದರವಾದ ಎನಾಮಲ್ ಕರಗತೊಡಗುತ್ತದೆ, ಜೊಲ್ಲು ಅದನ್ನು ಮತ್ತೆ ಸರಿದೂಗಿಸಲು ಅರ್ಧ ಗಂಟೆಯೋ ಅದಕ್ಕಿಂತ ಹೆಚ್ಚೋ ಬೇಕು. ಹಬ್ಬದೂಟದ ಜೊತೆ ಮೂರು ಹೋಳಿಗೆ ಬಾರಿಸಿದವನ ಹಲ್ಲಿಗಿಂತ, ಗಂಟೆಗೊಂದು ಬಿಸ್ಕತ್ತು ಕೈಗೆ ಸಿಗುವ ಮಗುವಿನ ಹಲ್ಲಿಗೆ ಅಪಾಯ ಹೆಚ್ಚು.

ಮಾವನವರನ್ನು ಖಂಡಿತ ಕರೆದೊಯ್ಯಿರಿ. ಸಕ್ಕರೆ ಹಿಡಿತದಲ್ಲಿಲ್ಲದಿದ್ದರೆ ಒಸಡಿನ ಸೋಂಕು ಬೇಗ ಬೆಳೆಯುತ್ತದೆ. ಒಸಡು ಸದಾ ಊದಿಕೊಂಡಿದ್ದರೆ ಸಕ್ಕರೆಯೂ ಹಿಡಿತಕ್ಕೆ ಬರುವುದು ಕಷ್ಟ. ಒಸಡಿನ ಚಿಕಿತ್ಸೆ ಪಡೆದ ಮಧುಮೇಹಿಗಳಲ್ಲಿ ಮೂರು ನಾಲ್ಕು ತಿಂಗಳ ನಂತರ, ಕಳೆದ ಎರಡು ಮೂರು ತಿಂಗಳ ಸಕ್ಕರೆಯ ಮಟ್ಟ ತೋರಿಸುವ ರಕ್ತಪರೀಕ್ಷೆಯಾದ ಎಚ್‌ಬಿಎ1ಸಿ ಸರಾಸರಿ ಶೇಕಡಾ 0.4 ಅಂಶದಷ್ಟು ಇಳಿದಿರುವುದು ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ ಕಂಡುಬಂದಿದೆ. ಸಣ್ಣ ಸಂಖ್ಯೆ ಎನ್ನಿಸಬಹುದು, ಸಕ್ಕರೆ ಕಾಯಿಲೆಯ ವೈದ್ಯರನ್ನು ಕೇಳಿದರೆ ಅದರ ಬೆಲೆ ಹೇಳುತ್ತಾರೆ. ಆದರೆ ಹಲ್ಲುಜ್ಜಿದರೆ ಹೃದಯಾಘಾತವಾಗುವುದಿಲ್ಲ ಎಂಬಂಥ ಪ್ರಚಾರವನ್ನು ನಂಬಬೇಡಿ. ಒಸಡಿನ ರೋಗಕ್ಕೂ ಹೃದ್ರೋಗಕ್ಕೂ ನಂಟು ಕಂಡಿದೆ, ಒಂದು ಇನ್ನೊಂದಕ್ಕೆ ಕಾರಣ ಎಂದು ಸಾಬೀತಾಗಿಲ್ಲ. ಹೃದಯಕ್ಕೆ ಕೃತಕ ಕವಾಟ ಹಾಕಿಸಿಕೊಂಡವರ ವಿಷಯ ಹಾಗಲ್ಲ. ಅವರಿಗೆ ಬಾಯಿಯ ಬ್ಯಾಕ್ಟೀರಿಯಾ ರಕ್ತಕ್ಕೆ ಸೇರಿ ಕವಾಟಕ್ಕೇ ಸೋಂಕಾಗಬಹುದು, ಹಾಗಾಗಿ ಹಲ್ಲು ಕೀಳುವ ಮುನ್ನ ಆ್ಯಂಟಿಬಯಾಟಿಕ್ ಕೊಡುತ್ತೇವೆ.

"ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ" ಎಂದು ಮಾವನವರು ಹೇಳಿಯೇ ಹೇಳುತ್ತಾರೆ. ಎಲ್ಲರ ಮನೆಯ ಮಾವನವರೂ ಹೇಳುತ್ತಾರೆ! ಒಸಡು ಆಗಲೇ ಕೆಳಗಿಳಿದಿರುತ್ತದೆ, ಆ ಸಂದಿನಲ್ಲಿ ಗಟ್ಟಿಯಾದ ಪಾಚಿ ಗಾರೆಯಂತೆ ಕೂತಿರುತ್ತದೆ. ತೆಗೆದ ಮೇಲೆ ಸಂದು ಕಾಣುತ್ತದೆ, ನಾಲಿಗೆಗೆ ತಾಗುತ್ತದೆ, ನಮಗೆ ಬೈಗುಳ ಸಿಗುತ್ತದೆ.

ಅತ್ತೆಯವರ ಎಲೆಅಡಿಕೆಯ ವಿಷಯ ನಾಜೂಕಿನದು. ಅಡಿಕೆ ನಮ್ಮ ಜಿಲ್ಲೆಯ ಎಷ್ಟೋ ಮನೆಗಳ ಅನ್ನ, ತಾಂಬೂಲವಿಲ್ಲದೆ ಶುಭಕಾರ್ಯವಿಲ್ಲ. ಆದರೂ ಹೇಳಬೇಕು: ಹೊಗೆಸೊಪ್ಪು ಸೇರಿಸದ ಅಡಿಕೆಯನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ, ಅಂದರೆ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತವೆ ಎಂದು ಖಚಿತವಾದವುಗಳ ಸಾಲಿಗೆ, ಸೇರಿಸಿದೆ. ಕಡ್ಡಿಪುಡಿ ಸೇರಿದರೆ ಅಪಾಯ ಇನ್ನೂ ಹೆಚ್ಚು. ಊಟದಲ್ಲಿ ಖಾರ ತಾಗಿದರೆ ಉರಿ, ಕೆನ್ನೆಯ ಒಳಭಾಗ ಬಿಳಚಿ ಬಿಗಿಯುವುದು, ತಮ್ಮದೇ ಮೂರು ಬೆರಳು ಒಂದರ ಮೇಲೊಂದಾಗಿ ಬಾಯೊಳಗೆ ಹೋಗದಿರುವುದು, ಇವುಗಳಲ್ಲಿ ಒಂದಿದ್ದರೂ ತಡ ಮಾಡಬೇಡಿ. ಎರಡು ವಾರ ಕಳೆದರೂ ಮಾಯದ ಹುಣ್ಣು ನೋವಿಲ್ಲದಿದ್ದರೂ ತೋರಿಸಲೇಬೇಕು. ಹಲ್ಲಿನ ಸೆಟ್ ಇದ್ದರೆ ರಾತ್ರಿ ತೆಗೆದು, ತೊಳೆದು, ನೀರಿನಲ್ಲಿ ಹಾಕಿಡಲಿ.

ಪೇಸ್ಟಿನ ಆಯ್ಕೆಯಲ್ಲಿ ತಲೆ ಕೆಡಿಸಿಕೊಳ್ಳಬೇಡಿ. ಇದ್ದಿಲು, ಉಪ್ಪು, ಲವಂಗ ಏನಿದ್ದರೂ ಇರಲಿ, ಫ್ಲೋರೈಡ್ ಇದೆಯೇ ನೋಡಿ. ಮೂರು ವರ್ಷದೊಳಗೆ ಅಕ್ಕಿಕಾಳಿನಷ್ಟು, ಆಮೇಲೆ ಬಟಾಣಿಯಷ್ಟು ಸಾಕು. ಪಾವಗಡದ ಕಡೆಯಂತೆ ಕೊಳವೆಬಾವಿ ನೀರಿನಲ್ಲೇ ಫ್ಲೋರೈಡ್ ಹೆಚ್ಚಿರುವ ಊರು ನಿಮ್ಮದಾದರೆ ಮಗು ಪೇಸ್ಟ್ ನುಂಗದಂತೆ ಪಕ್ಕದಲ್ಲಿ ನಿಲ್ಲಿ, ಕುಡಿಯುವ ನೀರನ್ನು ಪರೀಕ್ಷೆ ಮಾಡಿಸಿ. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಎನ್ನುತ್ತದೆ ನಮ್ಮ ದೇಶದ ಮಾನದಂಡ. ಅಲ್ಲಿನ ಮಕ್ಕಳ ಹಲ್ಲಿನ ಕಂದು ಕಲೆ ಹಲ್ಲು ರೂಪುಗೊಳ್ಳುವಾಗಲೇ ಆದದ್ದು, ಉಜ್ಜಿದರೆ ಹೋಗುವುದಿಲ್ಲ. ಕೊಳಕೆಂದು ಮಕ್ಕಳನ್ನು ಬೈಯಬೇಡಿ.

ದುಡ್ಡಿನ ಮಾತಿಗೆ ಬರುತ್ತೇನೆ. ಹುಳುಕು ನರಕ್ಕೆ ತಲುಪುವವರೆಗೆ ಸಾಮಾನ್ಯವಾಗಿ ನೋಯುವುದಿಲ್ಲ. ನೋವು ಬಂದಾಗ ಬಂದರೆ ರೂಟ್ ಕೆನಾಲ್, ಮೇಲೆ ಕ್ಯಾಪ್. ಮೊದಲೇ ಬಂದಿದ್ದರೆ ಒಂದು ಸಿಮೆಂಟಿನಲ್ಲಿ ಮುಗಿಯುತ್ತಿತ್ತು. ಖಾಸಗಿ ಕ್ಲಿನಿಕ್ ದುಬಾರಿ ಎನ್ನಿಸಿದರೆ ದಂತ ವೈದ್ಯಕೀಯ ಕಾಲೇಜುಗಳಿಗೆ ಹೋಗಿ. ಬೆಂಗಳೂರಿನ ಸರ್ಕಾರಿ ಕಾಲೇಜಿನಿಂದ ಹಿಡಿದು ತುಮಕೂರು, ದಾವಣಗೆರೆ, ಧಾರವಾಡ, ಬೆಳಗಾವಿ, ಮಂಗಳೂರಿನವರೆಗೆ ಇವೆ. ಅಧ್ಯಾಪಕರ ಕಣ್ಣೆದುರಿಗೆ ವಿದ್ಯಾರ್ಥಿಗಳು ಮಾಡುತ್ತಾರೆ, ಖರ್ಚು ಕಡಿಮೆ, ಕಾಯುವುದು ಜಾಸ್ತಿ.

ಹೋಗುವ ದಿನ ಎಲ್ಲರೂ ತಿಂಡಿ ತಿಂದೇ ಹೊರಡಿ, ವೈದ್ಯರು ಬೇರೆ ಹೇಳಿದ್ದರೆ ಹೊರತು. ಹಲ್ಲು ಕೀಳಿಸಲು ಖಾಲಿ ಹೊಟ್ಟೆಯಲ್ಲಿ ಹೋಗಬೇಕೆಂದು ಎಷ್ಟೋ ಮಂದಿ ಉಪವಾಸ ಬರುತ್ತಾರೆ, ಅದರಲ್ಲೂ ಸಕ್ಕರೆ ಮಾತ್ರೆ ನುಂಗಿ ಬಂದ ಹಿರಿಯರು ಕುರ್ಚಿಯಲ್ಲೇ ಬೆವರಿ ತಲೆಸುತ್ತಿ ಒರಗುತ್ತಾರೆ. ಮಾವನವರ ಮಾತ್ರೆಗಳ ಚೀಟಿ, ಈಚಿನ ರಕ್ತಪರೀಕ್ಷೆಯ ವರದಿ ಜೊತೆಗಿರಲಿ. ರಕ್ತ ತೆಳುಮಾಡುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನು ತಾವಾಗಿಯೇ ನಿಲ್ಲಿಸಿ ಬರುವುದು ಬೇಡ, ನಿಲ್ಲಿಸಬೇಕೋ ಬೇಡವೋ ಎಂದು ಅದನ್ನು ಬರೆದುಕೊಟ್ಟ ವೈದ್ಯರೇ ಹೇಳಲಿ.