ಕ್ಲೈಂಟ್ ಬಿಲ್ಲಿಗೆ ಏನು ಹಾಕಬೇಕು, ಏನು ನುಂಗಿಕೊಳ್ಳಬೇಕು?

ಒಬ್ಬರೇ ಕೆಲಸ ಮಾಡುವವರು, ನಾಲ್ಕೈದು ಜನರ ಸಣ್ಣ ಸಂಸ್ಥೆಯವರು, ಇಂಥವರ ಲೆಕ್ಕಪತ್ರ ನೋಡುವುದು ನನ್ನ ಕೆಲಸ. ಈ ಸಲ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ವಿಷಯದವು. ಹೋದ ಸಲವೂ ಹಾಗೇ ಇತ್ತು. ಅದಕ್ಕೇ ಒಂದನ್ನು ಹಿಡಿದು ಉದ್ದಕ್ಕೆ ಬರೆಯುತ್ತೇನೆ. ಉಳಿದವರು ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ನಾನು ಸ್ವಂತವಾಗಿ ಡಿಸೈನ್ ಕೆಲಸ ಮಾಡುತ್ತೇನೆ. ಒಬ್ಬ ಕ್ಲೈಂಟ್‌ಗಾಗಿ ಒಂದು ಫಾಂಟ್, ಕೆಲವು ಫೋಟೊಗಳನ್ನು ಕೊಂಡೆ. ಎರಡು ಸಲ ಅವರ ಊರಿಗೆ ಹೋಗಿಬಂದೆ. ಇಂಟರ್ನೆಟ್, ಸಾಫ್ಟ್‌ವೇರ್ ಖರ್ಚೂ ಇದೆ. ಕೆಲಸ ಮುಗಿದಿದೆ. ಇದರಲ್ಲಿ ಯಾವುದನ್ನು ಬಿಲ್ಲಿಗೆ ಹಾಕಬಹುದು? ಕೇಳಲು ಸಂಕೋಚವಾಗುತ್ತಿದೆ.

ಕೆಲಸ ಮುಗಿದ ಮೇಲೆ ಕೇಳುತ್ತಿದ್ದೀರಲ್ಲ, ನಿಮ್ಮ ಸಂಕೋಚಕ್ಕೆ ಅದೇ ಕಾರಣ. ಕೊಟೇಶನ್ ಕೊಡುವ ದಿನ ಒಂದು ಸಾಲು ಬರೆದಿದ್ದರೆ ಈಗ ಸಂಕೋಚಪಡುವ ಪ್ರಸಂಗವೇ ಬರುತ್ತಿರಲಿಲ್ಲ. ‘ಪ್ರಯಾಣ, ವಸತಿ, ಕೊಂಡ ಲೈಸೆನ್ಸ್‌ಗಳು ಫೀಸಿನ ಹೊರಗೆ, ಇಷ್ಟು ಮೊತ್ತ ದಾಟಿದರೆ ಮೊದಲೇ ಕೇಳುತ್ತೇನೆ.’ ಇಷ್ಟೇ. ಹೇಳದೆ ಕೇಳದೆ ಮಾಡಿದ ಖರ್ಚು ಎಷ್ಟೇ ನ್ಯಾಯವಾಗಿದ್ದರೂ ಬಿಲ್ಲಿನಲ್ಲಿ ನೋಡಿದವರಿಗೆ ಮೋಸದ ಹಾಗೆ ಕಾಣುತ್ತದೆ.

ಸರಿ, ನಿಮ್ಮ ಪಟ್ಟಿಗೆ ಬರೋಣ. ಇಂಟರ್ನೆಟ್, ಸಾಫ್ಟ್‌ವೇರ್ ಚಂದಾ ಹಾಕಬೇಡಿ. ಈ ಕ್ಲೈಂಟ್ ಇಲ್ಲದಿದ್ದರೂ ಅದನ್ನು ಕಟ್ಟುತ್ತಿದ್ದಿರಿ, ಅಲ್ವಾ? ಅದು ಅಂಗಡಿ ತೆರೆದಿಡುವ ಖರ್ಚು. ಅದು ನಿಮ್ಮ ಗಂಟೆಯ ದರದೊಳಗೆ ಕೂತಿರಬೇಕು. ಕೂತಿಲ್ಲ ಅಂದರೆ ತಪ್ಪು ದರದ್ದು, ಕ್ಲೈಂಟ್‌ದಲ್ಲ. ವರ್ಷವಿಡೀ ಇಂಥ ಖರ್ಚು ಎಷ್ಟಾಯಿತು ಅಂತ ಕೂಡಿಸಿ. ನಿಜವಾಗಿ ಬಿಲ್ ಮಾಡುವ ಗಂಟೆಗಳಿಂದ ಭಾಗಿಸಿ. ಎಚ್ಚರ: ದಿನಕ್ಕೆ 8 ಗಂಟೆ ಕೂರುತ್ತೀರಿ ಅಂತ ವರ್ಷಕ್ಕೆ 2,000 ಗಂಟೆ ಹಿಡಿಯಬೇಡಿ. ಮೇಲ್, ಕೊಟೇಶನ್, ವಸೂಲಿ ಫೋನು ಎಲ್ಲ ಕಳೆದರೆ ಹಲವರಿಗೆ 1,200 ಉಳಿದರೆ ಹೆಚ್ಚು. 2,000 ಹಿಡಿದವರು ಪ್ರತಿ ಗಂಟೆಯೂ ತಮ್ಮ ಖರ್ಚಿನ ಶೇ 40ರಷ್ಟನ್ನು ಕೈಯಿಂದಲೇ ಹಾಕುತ್ತಿರುತ್ತಾರೆ. ಆಮೇಲೆ ಅದನ್ನು ಸರಿದೂಗಿಸಲು ಮೂರು ಹಾಳೆ ಪ್ರಿಂಟಿಗೂ ಬಿಲ್ ಹಾಕುತ್ತಾರೆ.

ಫಾಂಟ್ ವಿಷಯ ಸ್ವಲ್ಪ ಸೂಕ್ಷ್ಮ. ನಿಮ್ಮ ಹೆಸರಿನಲ್ಲಿ ಕೊಂಡ ಲೈಸೆನ್ಸ್ ಸಾಮಾನ್ಯವಾಗಿ ನಿಮ್ಮ ಕಂಪ್ಯೂಟರಿಗೆ ಮಾತ್ರ. ಕ್ಲೈಂಟ್ ಅದನ್ನು ತಮ್ಮ ವೆಬ್‌ಸೈಟಿನಲ್ಲಿ ಬಳಸಬೇಕಾದರೆ ಬಹಳ ಸಲ ಅವರದೇ ಲೈಸೆನ್ಸ್ ಬೇಕಾಗುತ್ತದೆ. ಅಂದರೆ ಪೂರ್ತಿ ದುಡ್ಡು ಅವರಿಂದ ತೆಗೆದುಕೊಂಡು, ಅವರಿಗೆ ಬಳಸಲು ಬಾರದ ವಸ್ತು ಕೊಟ್ಟ ಹಾಗಾಗುತ್ತದೆ. ಮೇಲಾಗಿ ಅದೇ ಫಾಂಟನ್ನು ಮುಂದಿನ ಕ್ಲೈಂಟ್‌ಗೂ ನೀವು ಬಳಸುವವರೇ. ಹಾಗಿದ್ದರೆ ಅದು ನಿಮ್ಮ ಸಾಮಾನು, ನೀವೇ ನುಂಗಿಕೊಳ್ಳಿ. ಇನ್ನು ಮುಂದೆ ಲಿಂಕ್ ಕಳಿಸಿ, ಅವರೇ ಕೊಂಡುಕೊಳ್ಳಲಿ. ಫೋಟೊಗಳು ಇದೊಂದೇ ಕೆಲಸಕ್ಕೆ ತಾನೆ? ಬಿಲ್ಲಿಗೆ ಹಾಕಿ, ರಸೀದಿ ಲಗತ್ತಿಸಿ.

ಪ್ರಯಾಣವನ್ನೂ ಹಾಕಬಹುದು, ಅವರು ಕರೆದಿದ್ದರೆ. ಅದೇ ಊರಿನಲ್ಲಿ ಇನ್ನೊಬ್ಬ ಕ್ಲೈಂಟನ್ನೂ ನೋಡಿ ಬಂದಿದ್ದರೆ ಟಿಕೆಟ್ಟಿನ ದುಡ್ಡು ಇಬ್ಬರಿಗೂ ಹಂಚಿ. ಇಬ್ಬರ ಹತ್ತಿರವೂ ಪೂರ್ತಿ ತೆಗೆದುಕೊಂಡರೆ ಅದು ಕಳ್ಳತನ, ಬೇರೆ ಹೆಸರಿಲ್ಲ. ಅಮೆರಿಕದ ವಕೀಲರ ಸಂಘ, ಅಮೆರಿಕನ್ ಬಾರ್ ಅಸೋಸಿಯೇಷನ್, 1993ರಲ್ಲೇ ತನ್ನವರಿಗೆ ಇದನ್ನು ಬರೆದು ಹೇಳಿತ್ತು. ಒಬ್ಬ ಕ್ಲೈಂಟ್‌ಗಾಗಿ ವಿಮಾನದಲ್ಲಿ ಹೋಗುತ್ತಾ ಇನ್ನೊಬ್ಬರ ಕಡತ ಓದಿದರೆ ಆ ಗಂಟೆಗಳನ್ನು ಇಬ್ಬರಿಗೂ ಬಿಲ್ ಮಾಡುವಂತಿಲ್ಲ. ಒಪ್ಪಂದವಿಲ್ಲದೆ ಕಚೇರಿಯ ಮಾಮೂಲಿ ಖರ್ಚನ್ನು ಬೇರೆ ಸಾಲಾಗಿ ಹಾಕುವಂತಿಲ್ಲ. ಹೊರಗಿನವರಿಂದ ಕೊಂಡ ಸೇವೆಗೆ ರಿಯಾಯಿತಿ ಸಿಕ್ಕಿದ್ದರೆ ಅದೂ ಕ್ಲೈಂಟ್‌ಗೇ ಸೇರಬೇಕು. ನಾವು ವಕೀಲರಲ್ಲ, ನಿಜ. ಆದರೆ ಇದಕ್ಕಿಂತ ಒಳ್ಳೆಯ ಅಳತೆಗೋಲು ನನಗಂತೂ ಸಿಕ್ಕಿಲ್ಲ.

ಇದು ನನಗೂ ಪುಕ್ಕಟೆ ಬಂದ ಬುದ್ಧಿಯಲ್ಲ. ಕೆಲಸ ಶುರುಮಾಡಿದ ಹೊಸತರಲ್ಲಿ ಒಬ್ಬ ಕ್ಲೈಂಟ್‌ನ ಶಾಖೆಗಳನ್ನು ಸುತ್ತಿ ಬಂದೆ. ಟಿಕೆಟ್, ವಸತಿ ಎಲ್ಲ ನನ್ನ ಕಾರ್ಡಿನಲ್ಲಿ. ಬಿಲ್ಲಿನ ಕೊನೆಗೆ ‘ಇತರೆ ಖರ್ಚು’ ಅಂತ ಒಂದೇ ಸಾಲು ಹಾಕಿದ್ದೆ. ಬಿಲ್ ವಾಪಸ್ ಬಂತು. ಆ ಸಾಲಿನ ಸುತ್ತ ಕೆಂಪು ಪೆನ್ನಿನ ಸುತ್ತು, ಪಕ್ಕದಲ್ಲಿ ಒಂದೇ ಪದ: ‘ವಿವರ?’ ಕವರು ತೆಗೆದು ನೋಡಿದರೆ ರಸೀದಿಗಳಲ್ಲಿ ಅರ್ಧ ಬರೀ ಬಿಳಿ ಚೀಟಿ. ಶಾಖಕ್ಕೆ ಅಚ್ಚಾಗುವ ಥರ್ಮಲ್ ಕಾಗದ ಅದು, ಕೆಲವು ತಿಂಗಳಲ್ಲೇ ಅಕ್ಷರ ಮಾಸಿಹೋಗಿತ್ತು. ಬೆಳಕಿಗೆ ಓರೆಯಾಗಿ ಹಿಡಿದರೆ ಒಂದೆರಡು ಅಂಕಿ ಕಂಡೂ ಕಾಣದ ಹಾಗೆ. ಆ ಒಂದು ಸಾಲಿನಿಂದ ಫೀಸೂ ಸೇರಿ ಇಡೀ ಬಿಲ್ ತಡೆಯಾಯಿತು. ಅವತ್ತಿನಿಂದ ರಸೀದಿ ಕೈಗೆ ಬಂದ ಕ್ಷಣವೇ ಫೋಟೊ. ‘ಇತರೆ’ ಅನ್ನುವ ಪದವನ್ನು ನಾನು ಬಿಲ್ಲಿನಲ್ಲಿ ಬರೆಯುವುದೇ ಇಲ್ಲ.

ಇನ್ನೂ ಒಂದು. 1ನೇ ತಾರೀಕು ನೀವು ಖರ್ಚು ಮಾಡುತ್ತೀರಿ, ತಿಂಗಳ ಕೊನೆಗೆ ಬಿಲ್ ಕಳಿಸುತ್ತೀರಿ, ಕ್ಲೈಂಟ್ 45 ದಿನಕ್ಕೆ ಕೊಡುತ್ತಾರೆ. ಸುಮಾರು 75 ದಿನ ಬಡ್ಡಿಯಿಲ್ಲದ ಸಾಲ. ಕಾರ್ಡಿನ ಬಡ್ಡಿ ಮಾತ್ರ ನಿಮ್ಮ ತಲೆಗೆ. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ. ದೊಡ್ಡ ಖರ್ಚಿಗೆ ಅಡ್ವಾನ್ಸ್ ಕೇಳಿ, ಇಲ್ಲವೇ ಅವರೇ ನೇರ ಕಟ್ಟಲಿ. ಈ ವಿಷಯದಲ್ಲಿ ನಾನು ಅತಿ ಜಾಗ್ರತೆ ಅಂತ ನಗುವವರಿದ್ದಾರೆ. ನಗಲಿ.

ಪ್ರಶ್ನೆ: ಕ್ಲೈಂಟ್‌ನಿಂದ ವಾಪಸ್ ಪಡೆದ ಖರ್ಚು ಆದಾಯವೇ ಅಲ್ಲ, ತೆರಿಗೆ ಬೀಳುವುದಿಲ್ಲ ಅಂತ ಒಂದು ವಿಡಿಯೊದಲ್ಲಿ ನೋಡಿದೆ. ನಿಜವೇ?

ವಿಡಿಯೊ ಮಾಡಿದವರು ನಿಮ್ಮ ಪರವಾಗಿ ನೋಟಿಸಿಗೆ ಉತ್ತರ ಕೊಡಲು ಬರುತ್ತಾರಾ? ಬಿಲ್ ಕ್ಲೈಂಟ್ ಹೆಸರಿನಲ್ಲಿದ್ದು, ಅವರ ಪರವಾಗಿ ನೀವು ಕಟ್ಟಿ, ಅಷ್ಟೇ ಮೊತ್ತ ವಾಪಸ್ ಪಡೆದರೆ ಅದೊಂದು ಲೆಕ್ಕ. ನಿಮ್ಮ ಹೆಸರಿನ ಟಿಕೆಟ್, ನಿಮ್ಮ ಹೆಸರಿನ ವಸತಿಯನ್ನು ಅವರಿಗೆ ಹಾಕಿದರೆ ಬೇರೆಯೇ ಲೆಕ್ಕ. ಬಹಳಷ್ಟು ತೆರಿಗೆ ಪದ್ಧತಿಗಳಲ್ಲಿ ಎರಡನೆಯದು ನಿಮ್ಮ ಸೇವೆಯ ಬೆಲೆಯ ಭಾಗವಾಗುತ್ತದೆ. ಸುಮ್ನೆ ಯಾರದೋ ಮಾತು ನಂಬಬೇಡಿ, ನಿಮ್ಮ ಲೆಕ್ಕಿಗರ ಮುಂದೆ ಆ ಬಿಲ್ ಇಟ್ಟು ಕೇಳಿ.

ಪ್ರಶ್ನೆ: ಖರ್ಚಿನ ಮೇಲೆ ಶೇ 10 ಸೇರಿಸಿ ಹಾಕಬಹುದೇ?

ಒಪ್ಪಂದದಲ್ಲಿ ಬರೆದಿದ್ದರೆ ಹಾಕಿ. ‘ಆದ ಖರ್ಚು’ ಅಂತ ಬರೆದು ಒಳಗೊಳಗೇ ಸೇರಿಸುವುದಾದರೆ ನನ್ನನ್ನು ಕೇಳಬೇಡಿ.

ಪ್ರಶ್ನೆ: ಹೊಸ ಲ್ಯಾಪ್‌ಟಾಪ್ ಕೊಂಡಿದ್ದೇ ಈ ಪ್ರಾಜೆಕ್ಟಿಗಾಗಿ. ಬಿಲ್ ಮಾಡಲೇ?

ಪ್ರಾಜೆಕ್ಟ್ ಮುಗಿದ ದಿನ ಲ್ಯಾಪ್‌ಟಾಪನ್ನು ಕ್ಲೈಂಟ್‌ಗೆ ಕೊಟ್ಟು ಬರುವುದಾದರೆ ಮಾಡಿ.

ಪ್ರಶ್ನೆ: ಕೆಲಸ ಸಿಗುವ ಮೊದಲು ಅವರನ್ನು ಭೇಟಿ ಮಾಡಲು ಮೂರು ಸಲ ಹೋಗಿದ್ದೆ. ಆ ಖರ್ಚು?

ನಿಮ್ಮದು.