ಮಧ್ಯಾಹ್ನ ಹೊರಟು ಅದೇ ಸಂಜೆ ಸ್ಯಾನ್ ಫ್ರಾನ್ಸಿಸ್ಕೋ ತಲುಪೋದು ಹೇಗೆ?

ಪ್ರಶ್ನೆ: ಜನವರಿಯಲ್ಲಿ ನಮ್ಮ ತಂದೆ-ತಾಯಿ ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗುವವರಿದ್ದಾರೆ. ದೂರ ಸುಮಾರು 14,000 ಕಿ.ಮೀ. ಅಂತೆ. ವಿಮಾನ ಗಂಟೆಗೆ 900 ಕಿ.ಮೀ. ಹೋದರೆ ಹದಿನೈದೂವರೆ ಗಂಟೆ ಆಗಬೇಕಲ್ವಾ? ಆದರೆ ನೇರ ವಿಮಾನದ ವೇಳಾಪಟ್ಟಿಯಲ್ಲಿ ಮಧ್ಯಾಹ್ನ ಹೊರಟು ಅದೇ ದಿನ ಸಂಜೆ ತಲುಪುತ್ತೆ ಅಂತಿದೆ. ವಾಪಸ್ ಬರುವಾಗ ನೋಡಿದರೆ ತಾರೀಕು ಎರಡು ದಿನ ಮುಂದಿದೆ! ಅಮ್ಮನಿಗೆ ದಿನಾ ಹೊತ್ತಿಗೆ ಸರಿಯಾಗಿ ಮಾತ್ರೆ ಕೊಡಬೇಕು. ಲೆಕ್ಕ ಹೇಗೆ ಹಾಕೋದು?
– ಓದುಗರು, ತುಮಕೂರು

ಉತ್ತರ: 14,000 ಕಿ.ಮೀ. ಅನ್ನೋದು ಸರಿ. ಆದರೆ ಅದು ಭೂಮಿಯ ಮೇಲೆ ಎಳೆಯಬಹುದಾದ ಅತಿ ಹತ್ತಿರದ ಗೆರೆಯ ಉದ್ದ, ವಿಮಾನ ಹಾರುವ ದಾರಿಯದ್ದಲ್ಲ. ಮನೆಯಲ್ಲಿ ಗ್ಲೋಬ್ ಇದ್ದರೆ ಎರಡೂ ಊರಿನ ನಡುವೆ ಒಂದು ದಾರ ಬಿಗಿಯಾಗಿ ಹಿಡಿದು ನೋಡಿ. ಅದು ನೇಪಾಳ, ಟಿಬೆಟ್, ಮಂಗೋಲಿಯಾ, ಸೈಬೀರಿಯಾ, ಅಲಾಸ್ಕಾ ದಾಟಿ ಹೋಗುತ್ತೆ. ಟಿಬೆಟ್ ಮೇಲೆ ಹಾರುವುದನ್ನು ವಿಮಾನಗಳು ಆದಷ್ಟೂ ತಪ್ಪಿಸುತ್ತವೆ. ಒಳಗಿನ ಗಾಳಿಯ ಒತ್ತಡ ಕಡಿಮೆಯಾದರೆ ಬೇಗ ಸುಮಾರು 10,000 ಅಡಿಗೆ ಇಳಿಯಬೇಕು. ಅಲ್ಲಿನ ನೆಲವೇ ಅದಕ್ಕಿಂತ ಎತ್ತರದಲ್ಲಿದೆ. ಹಾಗಾಗಿ ಸುತ್ತು ದಾರಿ ಅನಿವಾರ್ಯ.

ಇನ್ನು ಗಾಳಿ. ವಿಮಾನ ಹಾರುವ ಎತ್ತರದಲ್ಲಿ ಜೆಟ್ ಸ್ಟ್ರೀಮ್ ಅನ್ನೋ ಬಲವಾದ ಗಾಳಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುತ್ತೆ. ಪೆಸಿಫಿಕ್ ದಾಟಿ ಅಮೆರಿಕಕ್ಕೆ ಹೋಗುವಾಗ ಅದು ಹಿಂದಿನಿಂದ ತಳ್ಳುತ್ತೆ. ವಾಪಸ್ ಬರುವಾಗ ಅದೇ ದಾರಿ ಹಿಡಿದರೆ ಎದುರು ಗಾಳಿ. ಅದಕ್ಕೇ ಒಂದೇ ಎರಡು ಊರಿನ ನಡುವೆ ಹೋಗೋ ಹೊತ್ತು, ಬರೋ ಹೊತ್ತು ಬೇರೆ ಬೇರೆ.

ಈಗ ಗಡಿಯಾರದ ವಿಷಯಕ್ಕೆ ಬರೋಣ. ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಮಗಿಂತ ಹದಿಮೂರೂವರೆ ಗಂಟೆ ಹಿಂದಿರುತ್ತೆ. ಉದಾಹರಣೆಗೆ, ಸೋಮವಾರ ಮಧ್ಯಾಹ್ನ 2.30ಕ್ಕೆ ಹೊರಟು ಹದಿನಾರೂವರೆ ಗಂಟೆ ಹಾರಿದರೆ ನಮ್ಮಲ್ಲಿ ಮಂಗಳವಾರ ಬೆಳಿಗ್ಗೆ 7. ಅಲ್ಲಿ ಇನ್ನೂ ಸೋಮವಾರ ಸಂಜೆ 5.30. ಬರುವಾಗ ಇದು ತಿರುಗುಮುರುಗು. 2021ರಲ್ಲಿ ಏರ್ ಇಂಡಿಯಾದ ಮೊದಲ ನೇರ ವಿಮಾನವನ್ನು ಕ್ಯಾಪ್ಟನ್ ಜೋಯಾ ಅಗರ್ವಾಲ್ ಮತ್ತವರ ಮಹಿಳಾ ತಂಡ ಉತ್ತರ ಧ್ರುವದ ಮೇಲಿಂದ ತಂದಿತ್ತು. ಅದು ಜನವರಿ 9ರ ರಾತ್ರಿ ಅಲ್ಲಿಂದ ಹೊರಟು 11ರ ಬೆಳಗಿನ ಜಾವ ಇಲ್ಲಿ ಇಳಿಯಿತು. ಹಾರಿದ್ದು ಸುಮಾರು 17 ಗಂಟೆ ಅಷ್ಟೇ! ಆ ಸಾಧನೆ ನೆನೆದರೆ ಈಗಲೂ ಹೆಮ್ಮೆ ಆಗುತ್ತೆ.

ಮಾರ್ಚ್ ಎರಡನೇ ಭಾನುವಾರದಿಂದ ನವೆಂಬರ್ ಮೊದಲ ಭಾನುವಾರದವರೆಗೆ ಅಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದೆ ಇಡುತ್ತಾರೆ. ಆಗ ವ್ಯತ್ಯಾಸ ಹನ್ನೆರಡೂವರೆ ಗಂಟೆ. ನಿಮ್ಮ ತಂದೆ-ತಾಯಿ ಮಾರ್ಚ್ ಕೊನೆಗೆ ವಾಪಸ್ ಬರುವುದಾದರೆ ಇದನ್ನು ಮರೆಯಬೇಡಿ.

ಆದ್ದರಿಂದ ಕಿಲೋಮೀಟರ್ ಭಾಗಿಸುತ್ತಾ ಕೂರಬೇಡಿ. ಟಿಕೆಟ್‌ನಲ್ಲಿ ಒಟ್ಟು ಪ್ರಯಾಣದ ಅವಧಿ ಅಂತ ಇರುತ್ತಲ್ಲ, ಅದನ್ನೇ ನೋಡಿ. ನಡುವೆ ವಿಮಾನ ಬದಲಿಸುವುದಿದ್ದರೆ ಕಾಯುವ ಹೊತ್ತೂ ಅದರಲ್ಲೇ ಸೇರಿರುತ್ತೆ. ಅಮ್ಮನ ಕೈಗಡಿಯಾರ ಇಳಿಯುವ ತನಕ ಭಾರತದ ಸಮಯದಲ್ಲೇ ಇರಲಿ. ಮೊಬೈಲ್ ತಾನಾಗಿಯೇ ಬದಲಾಗಿ ಗೊಂದಲ ಮಾಡುತ್ತೆ. ಮಾತ್ರೆಗಳು ಕೈಚೀಲದಲ್ಲೇ ಇರಬೇಕು, ದೊಡ್ಡ ಸೂಟ್‌ಕೇಸ್‌ನಲ್ಲಿ ಬೇಡ. ಅಲ್ಲಿಗೆ ಹೋದ ಮೇಲೆ ಯಾವ ಹೊತ್ತಿಗೆ ಹೊಂದಿಸಬೇಕು ಅಂತ ಈಗಲೇ ಟಿಕೆಟ್ ತೋರಿಸಿ ಡಾಕ್ಟರ್ ಹತ್ತಿರ ಬರೆಸಿಕೊಳ್ಳಿ. ಇನ್ಸುಲಿನ್ ತಗೊಳ್ಳುವವರಾದರೆ ಇದನ್ನು ಬಿಡಲೇಬೇಡಿ.