ಏರು ಬಂದರೆ ಆಫ್ ಆಗುವ ಬ್ಯಾಟರಿ, ಗುರುಗುಟ್ಟುವ ಮೋಟರ್: ಇ-ಸೈಕಲ್ ಪ್ರಶ್ನೆಗಳಿಗೆ ತಜ್ಞರ ಉತ್ತರ

ಪ್ರಶ್ನೆ: ಮಾಮೂಲಿ ಸೈಕಲ್‌ಗೆ 48 ವೋಲ್ಟ್ ಹಬ್ ಮೋಟರ್ (ಚಕ್ರದ ನಡುವೆಯೇ ಕೂರುವ ಮೋಟರ್) ಕಿಟ್ ಜೋಡಿಸಿದ್ದೇನೆ. ಬ್ಯಾಟರಿ 13 ಆಂಪಿಯರ್-ಅವರ್‌ನದು, ಎರಡು ವರ್ಷ ಹಳೆಯದು. ಸಮತಟ್ಟು ರಸ್ತೆಯಲ್ಲಿ ತೊಂದರೆಯಿಲ್ಲ. ಏರು ಶುರುವಾದ ಕೂಡಲೇ ಡಿಸ್‌ಪ್ಲೇ ಸಮೇತ ಎಲ್ಲವೂ ಆಫ್. ಸ್ವಿಚ್ ಆರಿಸಿ ಮತ್ತೆ ಹಾಕಿದರೆ ಎರಡು ಕಡ್ಡಿ ಚಾರ್ಜ್ ತೋರಿಸುತ್ತದೆ. ಕಂಟ್ರೋಲರ್ (ಮೋಟರ್‌ಗೆ ಹೋಗುವ ಕರೆಂಟು ನಿಯಂತ್ರಿಸುವ ಪೆಟ್ಟಿಗೆ) ಬದಲಿಸಿ ಎನ್ನುತ್ತಿದ್ದಾರೆ. ಬದಲಿಸಲೇ?

ಬೇಡ. ಅರ್ಧ ಉತ್ತರ ನಿಮ್ಮ ಪ್ರಶ್ನೆಯಲ್ಲೇ ಇದೆ: ಡಿಸ್‌ಪ್ಲೇ ಕೂಡ ಆಫ್ ಆಗುತ್ತಿದೆ. ಬ್ಯಾಟರಿ ಇಳಿದಿದೆ ಎಂದು ಕಂಟ್ರೋಲರ್ ತಾನೇ ಮೋಟರ್ ನಿಲ್ಲಿಸಿದ್ದರೆ ಡಿಸ್‌ಪ್ಲೇ ಉರಿಯುತ್ತಲೇ ಇರುತ್ತಿತ್ತು. ಎಲ್ಲವೂ ಒಟ್ಟಿಗೆ ಹೋಯಿತೆಂದರೆ ಕರೆಂಟು ಬ್ಯಾಟರಿ ಪೆಟ್ಟಿಗೆಯಿಂದಲೇ ಬರುತ್ತಿಲ್ಲ. ಒಂದೋ ಒಳಗಿನ ಬಿಎಂಎಸ್ (ಸೆಲ್‌ಗಳನ್ನು ಕಾಯುವ ರಕ್ಷಣಾ) ಬೋರ್ಡ್ ಅದನ್ನು ಕಡಿದಿದೆ, ಇಲ್ಲವೇ ದಾರಿಯಲ್ಲಿ ಯಾವುದೋ ಕನೆಕ್ಟರ್ ಸಡಿಲವಾಗಿದೆ. ಮೊದಲು ಕನೆಕ್ಟರ್ ನೋಡಿ. ಒಂದು ಏರು ಹತ್ತಿಸಿ ನಿಲ್ಲಿಸಿದ ತಕ್ಷಣ ಮುಟ್ಟಿದರೆ ಬಿಸಿ ಹತ್ತಿದ್ದರೆ, ಅಥವಾ ಪಿನ್ ಕಪ್ಪಾಗಿದ್ದರೆ, ಕಳ್ಳ ಅಲ್ಲೇ ಸಿಕ್ಕ.

ಕನೆಕ್ಟರ್ ಚೆನ್ನಾಗಿದ್ದರೆ ಅನುಮಾನ ಸೆಲ್‌ಗಳ ಮೇಲೆ. 48 ವೋಲ್ಟ್ ಲಿಥಿಯಂ-ಅಯಾನ್ ಬ್ಯಾಟರಿ ಎಂದರೆ ಒಂದರ ಹಿಂದೆ ಒಂದು ಜೋಡಿಸಿದ 13 ಗುಂಪು ಸೆಲ್‌ಗಳು. ಪೂರ್ತಿ ಚಾರ್ಜ್ ಆದಾಗ ಪ್ರತಿ ಗುಂಪು 4.2 ವೋಲ್ಟ್, ಒಟ್ಟು 54.6. ಡಿಸ್‌ಪ್ಲೇಗೆ ಕಾಣುವುದು ಈ ಒಟ್ಟು ಮೊತ್ತ ಮಾತ್ರ. ಬಿಎಂಎಸ್ ಪ್ರತಿ ಗುಂಪನ್ನೂ ಬೇರೆಬೇರೆಯಾಗಿ ಕಾಯುತ್ತದೆ. ಯಾವುದೇ ಒಂದು ಗುಂಪು ಸುಮಾರು 2.8 ವೋಲ್ಟ್‌ಗಿಂತ ಕೆಳಗೆ ಇಳಿದರೆ ಇಡೀ ಬ್ಯಾಟರಿಯನ್ನೇ ಬಂದ್ ಮಾಡುತ್ತದೆ. ಲೆಕ್ಕ ಹಾಕಿ ನೋಡಿ: ಏರಿನಲ್ಲಿ 12 ಗುಂಪುಗಳು 3.5 ವೋಲ್ಟ್‌ನಲ್ಲಿ ಗಟ್ಟಿಯಾಗಿ ನಿಂತಿವೆ, ಹದಿಮೂರನೆಯದು 2.7ಕ್ಕೆ ಕುಸಿಯಿತು. ಒಟ್ಟು ಇನ್ನೂ 44.7 ವೋಲ್ಟ್. ಕಂಟ್ರೋಲರ್‌ಗೆ ಅದು ಧಾರಾಳ, ಡಿಸ್‌ಪ್ಲೇಗೆ ಎರಡು ಕಡ್ಡಿ. ಬಿಎಂಎಸ್‌ಗೆ ಮಾತ್ರ ಅಪಾಯ. ಭಾರ ತಪ್ಪಿದ ಕೂಡಲೇ ಆ ಗುಂಪು ಮತ್ತೆ ಮೇಲೆದ್ದು ಏನೂ ಆಗಿಲ್ಲವೆಂಬಂತೆ ಕೂರುತ್ತದೆ. ಹಾಗಾಗಿ ನಿಂತ ಸೈಕಲ್‌ನಲ್ಲಿ ಎಷ್ಟು ಸಲ ಅಳೆದರೂ ದೋಷ ಸಿಗದಿರಬಹುದು.

ಭಾರ ಹಾಕಿಯೇ ಅಳೆಯಬೇಕು. ಕಾರಿನ ಹೆಡ್‌ಲೈಟಿನ 12 ವೋಲ್ಟ್, 55 ವಾಟ್ ಹ್ಯಾಲೊಜೆನ್ ಬಲ್ಬ್ ನಾಲ್ಕನ್ನು ಸಾಲಾಗಿ, ಅಂದರೆ ಸೀರೀಸ್‌ನಲ್ಲಿ ಜೋಡಿಸಿದರೆ ಸುಮಾರು 4.5 ಆಂಪಿಯರ್ ಎಳೆಯುತ್ತದೆ. ಇಂಥ ಎರಡು ಸಾಲನ್ನು ಪ್ಯಾರಲಲ್ ಮಾಡಿದರೆ 9 ಆಂಪಿಯರ್. ಪರೀಕ್ಷೆಗೆ ಇಷ್ಟು ಸಾಕು. ಬಲ್ಬ್‌ಗಳು ಕೈ ಸುಡುವಷ್ಟು ಕಾಯುತ್ತವೆ, ಇಟ್ಟಿಗೆಯ ಮೇಲಿಡಿ. ಬ್ಯಾಟರಿ ಅರ್ಧ ಚಾರ್ಜ್‌ನಲ್ಲಿರುವಾಗ ಪೆಟ್ಟಿಗೆ ಬಿಚ್ಚಿ, ಬಿಎಂಎಸ್‌ಗೆ ಹೋಗುವ ಸಣ್ಣ ವೈರ್‌ಗಳ ಪ್ಲಗ್ ಹುಡುಕಿ. 13 ಗುಂಪಿಗೆ 14 ವೈರ್ ಇರುತ್ತವೆ. ಮಲ್ಟಿಮೀಟರ್ ಡಿಸಿ ವೋಲ್ಟ್‌ನಲ್ಲಿರಲಿ, ಕೆಂಪು ವೈರ್ ಆಂಪಿಯರ್ ತೂತಿನಲ್ಲಿ ಇಲ್ಲವೆಂದು ಎರಡು ಸಲ ನೋಡಿಕೊಳ್ಳಿ. ಪ್ರೋಬ್‌ನ ತುದಿ 2 ಮಿಲಿಮೀಟರ್ ಮಾತ್ರ ಹೊರಗೆ ಕಾಣುವಂತೆ ಟೇಪ್ ಸುತ್ತಿ. ಕೈ ಜಾರಿ ಪಕ್ಕಪಕ್ಕದ ಎರಡು ಪಿನ್‌ಗೆ ಒಟ್ಟಿಗೆ ತಾಗಿದರೆ ಒಂದು ಗುಂಪು ಪೂರ್ತಿ ಶಾರ್ಟ್ ಆಗುತ್ತದೆ, ಕಣ್ಣೆದುರೇ ವೈರ್ ಕೆಂಪಾಗುತ್ತದೆ. ಉಂಗುರ, ಬಳೆ, ಲೋಹದ ಪಟ್ಟಿಯ ಕೈಗಡಿಯಾರ ತೆಗೆದಿಟ್ಟೇ ಕೂತುಕೊಳ್ಳಿ.

ಬಲ್ಬ್ ಹಚ್ಚುವ ಮೊದಲು ಒಂದು ಸಲ, ಹಚ್ಚಿ ಒಂದು ನಿಮಿಷದ ಮೇಲೆ ಇನ್ನೊಂದು ಸಲ, ಹದಿಮೂರೂ ಗುಂಪುಗಳ ವೋಲ್ಟೇಜ್ ಬರೆದುಕೊಳ್ಳಿ. ಗಟ್ಟಿ ಗುಂಪು 0.1 ವೋಲ್ಟ್ ಆಸುಪಾಸು ಇಳಿಯುತ್ತದೆ. ಒಂದೇ ಒಂದು 0.3 ಅಥವಾ ಇನ್ನೂ ಹೆಚ್ಚು ಇಳಿದರೆ ಅದೇ ನಿಮ್ಮನ್ನು ಏರಿನಲ್ಲಿ ಇಳಿಸುತ್ತಿರುವುದು. ಎಲ್ಲವೂ ಸಮನಾಗಿ ತುಂಬಾ ಇಳಿದರೆ ಬ್ಯಾಟರಿಗೇ ವಯಸ್ಸಾಗಿದೆ. ಕಂಟ್ರೋಲರ್‌ನ ಆಂಪಿಯರ್ ಮಿತಿ ತಗ್ಗಿಸಿ ಇನ್ನಷ್ಟು ದಿನ ಓಡಿಸಬಹುದು.

ಒಂದು ಗುಂಪು ಬರೀ ಹಿಂದೆ ಬಿದ್ದಿದ್ದರೆ, ಅಂದರೆ ನಿಂತಾಗಲೂ ಉಳಿದವಕ್ಕಿಂತ ಕಡಿಮೆ ಇದ್ದರೆ, ಚಾರ್ಜರ್ ಹಸಿರಾದ ಮೇಲೂ ಕಣ್ಣಳತೆಯಲ್ಲಿಟ್ಟುಕೊಂಡು ಬ್ಯಾಟರಿಯನ್ನು ಚಾರ್ಜರ್‌ನಲ್ಲೇ ಬಿಡಿ. ಬಿಎಂಎಸ್‌ನ ಸಮತೋಲನದ ಕರೆಂಟು ತೀರಾ ಸಣ್ಣದು. 50 ಮಿಲಿಆಂಪಿಯರ್ ಎಂದಿಟ್ಟುಕೊಂಡರೂ ಅರ್ಧ ಆಂಪಿಯರ್-ಅವರ್ ವ್ಯತ್ಯಾಸ ಸರಿಹೋಗಲು 10 ಗಂಟೆ ಬೇಕು. ಸರಿಮಾಡಿದ್ದು ಒಂದು ವಾರದಲ್ಲಿ ಮತ್ತೆ ಹಿಂದೆ ಬಿದ್ದರೆ ಆ ಗುಂಪಿನಲ್ಲಿ ಒಳಗೊಳಗೇ ಸೋರುವ ಸೆಲ್ ಇದೆ. ಅದನ್ನು ಮೇಲಿಂದ ಮೇಲೆ ಬೇರೆಯಾಗಿ ಚಾರ್ಜ್ ಮಾಡಿ ಬದುಕಿಸುವವರಿದ್ದಾರೆ. ಅದು ರಿಪೇರಿಯಲ್ಲ, ಬೆಂಕಿಗೆ ಕೊಡುವ ಆಹ್ವಾನ. ಹಳೆಯ ಗುಂಪುಗಳ ನಡುವೆ ಹೊಸ ಸೆಲ್ ಕೂರಿಸುವುದೂ ಬೇಡ, ಮುಂದಿನ ದುರ್ಬಲ ಗುಂಪು ಕೆಲವೇ ತಿಂಗಳಲ್ಲಿ ಹುಟ್ಟಿಕೊಳ್ಳುತ್ತದೆ. ಬ್ಯಾಟರಿ ಬದಲಿಸಿ.

ಪ್ರಶ್ನೆ: ಏರಿನಲ್ಲಿ ಎಳೆತ ಹೆಚ್ಚಿಸಲು ಕಂಟ್ರೋಲರ್ ಒಳಗಿನ ಶಂಟ್ ತಂತಿಗೆ ಸೋಲ್ಡರ್ ಹಚ್ಚಿದರೆ ಸಾಕಂತೆ. ನನ್ನದು 15 ಆಂಪಿಯರ್ ಕಂಟ್ರೋಲರ್. ಮಾಡಬಹುದೇ?

ಮಾಡಬಹುದು, ಮಾಡಿದ ಮೇಲೆ ಏನು ಸುಡುತ್ತದೆ ಎಂಬುದಷ್ಟೇ ಪ್ರಶ್ನೆ. ಬೋರ್ಡ್ ಮೇಲೆ ಕಮಾನಿನಂತೆ ಬಾಗಿರುವ ಆ ದಪ್ಪ ತಂತಿಯಲ್ಲಿ ಬೀಳುವ ಕೆಲವೇ ಮಿಲಿವೋಲ್ಟ್ ನೋಡಿ ಕಂಟ್ರೋಲರ್ ಕರೆಂಟು ಅಳೆಯುತ್ತದೆ. ಸೋಲ್ಡರ್ ಹಚ್ಚಿದರೆ ತಂತಿಯ ರೋಧ ಇಳಿಯುತ್ತದೆ. 22 ಆಂಪಿಯರ್ ಹರಿಯುತ್ತಿದ್ದರೂ ಕಂಟ್ರೋಲರ್ 15 ಎಂದೇ ನಂಬಿಕೊಂಡಿರುತ್ತದೆ. ಬಿಸಿ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುವುದರಿಂದ 15ರಿಂದ 22 ಎಂದರೆ ವೈರ್, ಕನೆಕ್ಟರ್, ಮಾಸ್‌ಫೆಟ್‌ಗಳಲ್ಲಿ (ಕಂಟ್ರೋಲರ್‌ನ ಎಲೆಕ್ಟ್ರಾನಿಕ್ ಸ್ವಿಚ್‌ಗಳು) ಎರಡು ಪಟ್ಟಿಗೂ ಮಿಗಿಲಾದ ಬಿಸಿ. ಮೇಲಾಗಿ, ಸೋಲ್ಡರ್ ಎಷ್ಟು ಹತ್ತಿತು ಎಂಬುದು ನಿಮ್ಮ ಕೈಯಲ್ಲಿಲ್ಲ. ಒಂದು ಹನಿ ಹೆಚ್ಚಾದರೆ 30 ಆಂಪಿಯರ್.

ಅದಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ. 15 ಆಂಪಿಯರ್ ಎಂಬುದು ಬ್ಯಾಟರಿ ಕಡೆಯ ಮಿತಿ. ನಿಧಾನವಾಗಿ ಏರು ಹತ್ತುವಾಗ ಕಂಟ್ರೋಲರ್ ವೋಲ್ಟೇಜ್ ಇಳಿಸಿ ಕರೆಂಟು ಹೆಚ್ಚಿಸುತ್ತದೆ, ಹಾಗಾಗಿ ಮೋಟರ್‌ನ ದಪ್ಪ ವೈರ್‌ಗಳಲ್ಲಿ ಆಗಲೇ 30–40 ಆಂಪಿಯರ್ ಓಡುತ್ತಿರಬಹುದು. ಸುರುಳಿ ಸುಡುವುದು, ಗೇರ್ ಇರುವ ಹಬ್‌ನಲ್ಲಿ ನೈಲಾನ್ ಹಲ್ಲು ಮೆತ್ತಗಾಗಿ ಸವೆಯುವುದು ಇದೇ ಗಳಿಗೆಯಲ್ಲಿ. ವೇಗ ಪೂರ್ತಿ ಬೀಳುವ ಮೊದಲೇ ಚೈನನ್ನು ಹಗುರ ಗೇರಿಗೆ ತಂದು ಪೆಡಲ್ ತುಳಿದರೆ ಮೋಟರ್ ತಿರುಗುವ ವೇಗ ಉಳಿಯುತ್ತದೆ, ಬಿಸಿ ತಗ್ಗುತ್ತದೆ. ಇಷ್ಟಕ್ಕೂ ಸಾಲದಿದ್ದರೆ 9 ಮಾಸ್‌ಫೆಟ್‌ನ 20 ಆಂಪಿಯರ್ ಕಂಟ್ರೋಲರ್ ಹಾಕಿ. ಬಿಎಂಎಸ್ ಅಷ್ಟನ್ನು ನಿರಂತರ ಕೊಡಬಲ್ಲದೇ ಎಂದು ಮೊದಲೇ ನೋಡಿರಬೇಕು.

ಪ್ರಶ್ನೆ: 36 ವೋಲ್ಟ್ ಕಿಟ್‌ಗೆ 48 ವೋಲ್ಟ್ ಬ್ಯಾಟರಿ ಸಿಕ್ಕಿಸಬಹುದೇ?

ಮೋಟರ್‌ಗೆ ಸಾಮಾನ್ಯವಾಗಿ ತೊಂದರೆಯಿಲ್ಲ, ಬರಿದೇ ತಿರುಗುವ ವೇಗ ಸುಮಾರು 1.3 ಪಟ್ಟು ಆಗುತ್ತದೆ. ತೊಂದರೆ ಕಂಟ್ರೋಲರ್‌ನದು. ಮುಚ್ಚಳ ತೆಗೆದು ದೊಡ್ಡ ಕೆಪಾಸಿಟರ್ ಮೇಲೆ ಏನು ಬರೆದಿದೆ ಓದಿ. 50 ವೋಲ್ಟ್ ಎಂದಿದ್ದರೆ ಮುಟ್ಟಬೇಡಿ. ಪೂರ್ತಿ ಚಾರ್ಜ್ ಆದ ಬ್ಯಾಟರಿ 54.6 ಕೊಡುತ್ತದೆ, ಕೆಪಾಸಿಟರ್ ಉಬ್ಬಿ ಸಿಡಿಯುತ್ತದೆ. 63 ಇದ್ದರೂ ಡಿಸ್‌ಪ್ಲೇ, ಲೈಟು ಆ ವೋಲ್ಟೇಜ್ ತಡೆಯಬೇಕು. ಜತೆಗೆ 36 ವೋಲ್ಟ್ ಕಂಟ್ರೋಲರ್ ಬ್ಯಾಟರಿ ಖಾಲಿ ಎನ್ನುವುದು 30–31 ವೋಲ್ಟ್‌ನಲ್ಲಿ. ನಿಮ್ಮ 13 ಗುಂಪಿನ ಬ್ಯಾಟರಿಗೆ ಅದು ಅಪಾಯದ ಮಟ್ಟಕ್ಕಿಂತಲೂ ಕೆಳಗೆ, ಸೆಲ್‌ಗಳನ್ನು ಕಾಯಲು ಉಳಿಯುವುದು ಬಿಎಂಎಸ್ ಒಂದೇ. ಎರಡಕ್ಕೂ ಹೊಂದುವ ಕಂಟ್ರೋಲರ್ ತರುವುದೇ ಸರಿ.

ಚಾರ್ಜರ್ ಬಗ್ಗೆ ಒಂದು ಮಾತು. 13 ಗುಂಪಿಗೆ 54.6 ವೋಲ್ಟ್, 14 ಗುಂಪಿಗೆ 58.8. ಎರಡರ ಪ್ಲಗ್ ಒಂದೇ ಥರ ಇರಬಹುದು. ತಪ್ಪಿ ಎರಡನೆಯದನ್ನು ಹಾಕಿದರೆ ಪ್ರತಿ ಸೆಲ್‌ಗೆ 4.5 ವೋಲ್ಟ್ ದಾಟುತ್ತದೆ, ಅನಾಹುತಕ್ಕೂ ನಿಮಗೂ ನಡುವೆ ಉಳಿಯುವುದು ಬಿಎಂಎಸ್ ಒಂದೇ.

ಪ್ರಶ್ನೆ: ಥ್ರಾಟಲ್ ಕೊಟ್ಟರೆ ಮೋಟರ್ ಗುರುಗುಟ್ಟುತ್ತಾ ಅದುರುತ್ತದೆ, ಮುಂದೆ ಹೋಗುವುದಿಲ್ಲ. ಚಕ್ರವನ್ನು ಹಿಂದಕ್ಕೆ ತಿರುಗಿಸಿದರೆ ತುಂಬಾ ಬಿಗಿ. ಗೇರ್ ಇರುವ ಹಬ್ ಮೋಟರ್.

ಬ್ಯಾಟರಿ ಕಳಚಿ, ಕಂಟ್ರೋಲರ್‌ಗೆ ಹೋಗುವ ಮೂರು ದಪ್ಪ ವೈರ್ ಬಿಚ್ಚಿ, ಮತ್ತೆ ಹಿಂದಕ್ಕೆ ತಿರುಗಿಸಿ. (ಗೇರ್ ಹಬ್‌ನಲ್ಲಿ ಮುಂದಕ್ಕೆ ತಿರುಗಿಸಿದರೆ ಕ್ಲಚ್ ಬಿಟ್ಟುಬಿಡುತ್ತದೆ, ಏನೂ ಗೊತ್ತಾಗದು.) ಈಗ ಸಡಿಲವಾಯಿತೇ? ಹಾಗಾದರೆ ಕಂಟ್ರೋಲರ್‌ನಲ್ಲಿ ಮಾಸ್‌ಫೆಟ್ ಶಾರ್ಟ್ ಆಗಿದೆ. ಖಾತ್ರಿಗೆ ಮಲ್ಟಿಮೀಟರ್ ಡಯೋಡ್ ಗುರುತಿನಲ್ಲಿಟ್ಟು, ಕೆಂಪು ಪ್ರೋಬ್ ಅನ್ನು ಕಂಟ್ರೋಲರ್‌ನ ಬ್ಯಾಟರಿ ನೆಗೆಟಿವ್‌ಗೆ, ಕಪ್ಪನ್ನು ಮೂರು ವೈರ್‌ಗಳಿಗೆ ಒಂದೊಂದಾಗಿ ಹಿಡಿಯಿರಿ. 0.4–0.6 ಬಂದರೆ ಸರಿ, ಸೊನ್ನೆ ಬಂದರೆ ಶಾರ್ಟ್. ಆಮೇಲೆ ಕಪ್ಪನ್ನು ಬ್ಯಾಟರಿ ಪಾಸಿಟಿವ್‌ಗೆ ಹಿಡಿದು ಕೆಂಪಿನಿಂದ ಮೂರನ್ನೂ ನೋಡಿ.

ವೈರ್ ಬಿಚ್ಚಿದರೂ ಬಿಗಿ ಇದ್ದರೆ ತೊಂದರೆ ಹಬ್ ಒಳಗೆ: ಆಕ್ಸಲ್ ಬಳಿ ಸಿಪ್ಪೆ ಹೋಗಿ ಒಂದಕ್ಕೊಂದು ತಾಗಿರುವ ವೈರ್, ಇಲ್ಲವೇ ಮುರಿದ ಗೇರು.

ಬಿಗಿ ಇಲ್ಲದೆ ಮೋಟರ್ ಬರೀ ಗುರುಗುಟ್ಟುತ್ತಿದ್ದರೆ ಹಾಲ್ ಸೆನ್ಸರ್ (ಮೋಟರ್ ಯಾವ ಸ್ಥಾನದಲ್ಲಿದೆ ಎಂದು ಕಂಟ್ರೋಲರ್‌ಗೆ ತಿಳಿಸುವ ಭಾಗ) ನೋಡಬೇಕು. ಕಂಟ್ರೋಲರ್ ಆನ್ ಮಾಡಿ, ಸಣ್ಣ ಪ್ಲಗ್‌ನಲ್ಲಿ ಕೆಂಪು–ಕಪ್ಪು ನಡುವೆ ಸುಮಾರು 5 ವೋಲ್ಟ್ ಇದೆಯೇ ನೋಡಿ. ಚಕ್ರವನ್ನು ಮೆಲ್ಲಗೆ ಹಿಂದಕ್ಕೆ ತಿರುಗಿಸುತ್ತಾ ಹಳದಿ, ಹಸಿರು, ನೀಲಿಯನ್ನು ಕಪ್ಪಿನ ಜೊತೆ ಅಳೆಯಿರಿ. ಮೂರೂ 0 ಮತ್ತು 5ರ ನಡುವೆ ಜಿಗಿಯಬೇಕು. ಯಾವುದು ಕದಲುವುದಿಲ್ಲವೋ ಅದರ ಸೆನ್ಸರ್ ಹೋಗಿದೆ ಎಂದು ಹಬ್ ಬಿಚ್ಚುವ ಮೊದಲು ಪ್ಲಗ್‌ನಲ್ಲಿ ಆ ಪಿನ್ ಹಿಂದಕ್ಕೆ ಸರಿದಿದೆಯೇ ನೋಡಿ. ಎಷ್ಟೋ ಸಲ ಅಷ್ಟೇ ಆಗಿರುತ್ತದೆ. ಹೊಸ ಕಂಟ್ರೋಲರ್ ಹಾಕಿದ ಮೇಲೆ ಶುರುವಾದ ಗುರುಗುಡುವಿಕೆಯಾದರೆ ದಪ್ಪ ವೈರ್‌ಗಳ ಜೋಡಣೆ ಹೊಂದಿಲ್ಲ. ಒಟ್ಟು ಆರು ಬಗೆಯಲ್ಲಿ ಜೋಡಿಸಬಹುದು, ಬಣ್ಣಕ್ಕೆ ಬಣ್ಣ ಹೊಂದಲೇಬೇಕೆಂದಿಲ್ಲ. ಚಕ್ರ ಮೇಲೆತ್ತಿ, ಥ್ರಾಟಲ್ ಚೂರೇ ಚೂರು ಕೊಟ್ಟು ಪರೀಕ್ಷಿಸಿ. ಸರಿಯಾದ ಜೋಡಣೆಯಲ್ಲಿ ಸದ್ದು ನುಣುಪು, ಭಾರವಿಲ್ಲದೆ ಎಳೆಯುವುದು 1 ಆಂಪಿಯರ್ ಆಸುಪಾಸು. ತಿರುಗುತ್ತಿದ್ದರೂ ನಾಲ್ಕೈದು ಆಂಪಿಯರ್ ಎಳೆದರೆ ಅದು ತಪ್ಪು ಜೋಡಣೆಯೇ.

ಪ್ರಶ್ನೆ: ಟಾರ್ಕ್ ಆರ್ಮ್ ಬೇಕೇ? ನಟ್ ಬಿಗಿಯಾಗಿಯೇ ಇದೆ.

ಬೇಕು. ಆಕ್ಸಲ್ ತಿರುಗದಂತೆ ಫ್ರೇಮಿಗೆ ಕಟ್ಟಿ ಹಿಡಿಯುವ ಲೋಹದ ಪಟ್ಟಿ ಅದು. ಆಕ್ಸಲ್‌ನ ಚಪ್ಪಟೆ ಬದಿಗಳ ನಡುವೆ ಇರುವುದು ಬರೀ 10 ಮಿಲಿಮೀಟರ್. 40 ನ್ಯೂಟನ್-ಮೀಟರ್ ತಿರುಚು ಬಲ ಆ ಅಂಚುಗಳಿಗೆ ಬಂದಾಗ 4000 ನ್ಯೂಟನ್, ಅಂದರೆ ಸುಮಾರು 400 ಕೆ.ಜಿ. ಭಾರ. ಅಲ್ಯೂಮಿನಿಯಂ ಫೋರ್ಕ್‌ನ ತುದಿ ಇದಕ್ಕೆ ಬಗ್ಗುವುದಿಲ್ಲ, ಸೀಳುತ್ತದೆ. ಆಕ್ಸಲ್ ತಿರುಗಿ ವೈರ್ ಕಿತ್ತು ಬರುತ್ತದೆ. ಮುಂದಿನ ಚಕ್ರವಾದರೆ ಸವಾರನೂ ಬೀಳುತ್ತಾನೆ. ಬ್ರೇಕ್ ಹಿಡಿದಾಗ ಬ್ಯಾಟರಿಗೆ ಚಾರ್ಜ್ ಮರಳಿಸುವ ಮೋಟರ್ ಆಗಿದ್ದರೆ ಎರಡೂ ಬದಿಗೆ ಹಾಕಿ; ಬಲ ಎರಡೂ ದಿಕ್ಕಿಗೆ ಬಂದು ನಟ್ ಅಲ್ಲಾಡಿ ಸಡಿಲಗೊಳ್ಳುತ್ತದೆ. ಮೊದಲ 50 ಕಿಲೋಮೀಟರ್ ಆದ ಮೇಲೆ ಒಮ್ಮೆ ಸ್ಪ್ಯಾನರ್ ಹಾಕಿ ನೋಡಿ.

ಕೂರಿಸುವಾಗ ಆಕ್ಸಲ್‌ನಿಂದ ಹೊರಬರುವ ವೈರ್ ಮೊದಲು ಕೆಳಕ್ಕೆ ಇಳಿದು ಆಮೇಲೆ ಮೇಲೆ ಹೋಗುವಂತಿರಲಿ. ನೇರ ಮೇಲಕ್ಕೆ ಎಳೆದು ಕಟ್ಟಿದರೆ ಮಳೆನೀರು ಅದನ್ನೇ ಹಿಡಿದು ಹಬ್ ಒಳಗೆ ಇಳಿಯುತ್ತದೆ. ಒಂದೆರಡು ಮಳೆ ಕಳೆಯುವಷ್ಟರಲ್ಲಿ ನೀವೂ ಹಾಲ್ ಸೆನ್ಸರ್ ಅಳೆಯುತ್ತಾ ಕೂರುತ್ತೀರಿ.